ಓಟಕ್ಕೊಂದು ಸುಂಕ

ಮನುಷ್ಯನು ಆಡುವ ಆಟಗಳಲ್ಲೆಲ್ಲ ಓಟದಷ್ಟು ಬಡವನ ಪಾಲಿಗೆ ಒದಗಿಬಂದ ಆಟ ಮತ್ತೊಂದಿಲ್ಲ. ಚೆಂಡಾಟಕ್ಕೆ ಚೆಂಡು ಬೇಕು. ಟೆನಿಸ್ ಆಟಕ್ಕೆ ಅಂಕಣ ಬೇಕು. ಈಜುವವನಿಗೆ ಕೊಳ ಬೇಕು. ಕುದುರೆ ಏರುವವನಿಗೆ ಕುದುರೆಯನ್ನು ಸಾಕುವ ಚೈತನ್ಯ ಬೇಕು. ಓಡುವವನಿಗೆ ಬೇಕಾದುದು ಎರಡು ಕಾಲು, ಒಂದು ದಾರಿ. ಕಾಲನ್ನು ಪ್ರಕೃತಿ ಕೊಟ್ಟಿದೆ. ದಾರಿಯನ್ನು ಊರು ಕೊಟ್ಟಿದೆ. 1960ರಲ್ಲಿ ಇಥಿಯೋಪಿಯದ ಅಬೆಬೆ ಬಿಕಿಲ ಅವರು ರೋಮ್ ನಗರದ ಬೀದಿಗಳಲ್ಲಿ ಬರಿಗಾಲಿನಲ್ಲಿ ಓಡಿ ಒಲಿಂಪಿಕ್ ಮ್ಯಾರಥಾನನ್ನು ಗೆದ್ದಾಗ ಜಗತ್ತೇ ಬೆರಗಾಯಿತು. ನಮ್ಮ ದೇಶದ ಶಿವನಾಥ್ ಸಿಂಗ್ ಅವರೂ ಬರಿಗಾಲಿನ ಓಟಗಾರರೆಂದೇ ಹೆಸರಾದವರು. 1976ರ ಮಾಂಟ್ರಿಯಲ್ ಒಲಿಂಪಿಕ್ಸಿನಲ್ಲಿ ಹನ್ನೊಂದನೆಯವರಾಗಿ ಗುರಿ ಮುಟ್ಟಿದ ಅವರು, 1978ರಲ್ಲಿ ಜಲಂಧರದಲ್ಲಿ 2 ಗಂಟೆ 12 ನಿಮಿಷಗಳಲ್ಲಿ ಓಟ ಮುಗಿಸಿ ಸ್ಥಾಪಿಸಿದ ರಾಷ್ಟ್ರೀಯ ದಾಖಲೆ ನಾಲ್ಕು ದಶಕಗಳನ್ನೂ ಮೀರಿ ಅಳಿಯದೆ ಉಳಿಯಿತು. ಪಾದರಕ್ಷೆಯೂ ಅನಿವಾರ್ಯವಲ್ಲದ ಆಟ ಇದು.

ಇಂಥ ಆಟದ ದಾರಿಗೆ ಇಂದು ಒಂದು ಸುಂಕದ ಕಟ್ಟೆ ಬಂದಿದೆ. ಜಗತ್ತಿನ ದೊಡ್ಡ ನಗರಗಳಲ್ಲಿ ವರ್ಷಕ್ಕೊಮ್ಮೆ ನಡೆಯುವ ಮ್ಯಾರಥಾನ್ ಓಟಗಳಲ್ಲಿ ಕಾಲಿಡಬೇಕಾದರೆ ತೆರಬೇಕಾದ ಪ್ರವೇಶ ಶುಲ್ಕ ವರ್ಷದಿಂದ ವರ್ಷಕ್ಕೆ ಏರುತ್ತಿದೆ. ನ್ಯೂಯಾರ್ಕಿನ ಓಟಕ್ಕೆ ಇತ್ತೀಚಿನ ವರ್ಷಗಳಲ್ಲಿ ಅಮೆರಿಕದ ನಿವಾಸಿಯೇ 250 ಡಾಲರಿಗೆ ಮೇಲ್ಪಟ್ಟು ತೆರಬೇಕು. ಪರದೇಶದಿಂದ ಬಂದವನಾದರೆ 350 ಡಾಲರಿಗೆ ಮೇಲ್ಪಟ್ಟು. ನಮ್ಮ ಹಣದಲ್ಲಿ ಎಣಿಸಿದರೆ ಇದು ಸುಮಾರು ಮೂವತ್ತು ಸಾವಿರ ರೂಪಾಯಿ. ವಿಮಾನದ ಖರ್ಚು, ವಸತಿಯ ಖರ್ಚು ಇವೆಲ್ಲ ಬೇರೆ. ಇದು ಕೇವಲ ಓಡಲು, ಅದೂ ಸಾರ್ವಜನಿಕ ರಸ್ತೆಯ ಮೇಲೆ ಓಡಲು, ಕೊಡಬೇಕಾದ ಹಣ.

ಇದನ್ನು ಕೇಳಿದೊಡನೆ, 'ಕಾಸಿದ್ದರೆ ಕೈಲಾಸ' ಎಂಬ ಗಾದೆಯನ್ನು ಹೇಳಿ ವ್ಯವಸ್ಥಾಪಕರ ಲೋಭವನ್ನು ಜರೆದು ಸುಮ್ಮನಾಗಬಹುದು. ಆದರೆ ವಿಷಯ ಅಷ್ಟು ಸುಲಭವಾದುದಲ್ಲ. ಈ ಶುಲ್ಕ ಏಕೆ ಬಂದಿತು, ಹೇಗೆ ಬೆಳೆಯಿತು, ಅದರಲ್ಲಿ ನ್ಯಾಯವಾದುದೆಷ್ಟು, ಅನ್ಯಾಯವಾದುದೆಷ್ಟು ಎಂಬುದನ್ನು ಸಾವಧಾನವಾಗಿ ವಿಚಾರಿಸಿ ನೋಡಬೇಕಾಗಿದೆ.

ನೀರು ಹೊರುವವನ ಗೆಲವು

ಆಧುನಿಕ ಮ್ಯಾರಥಾನಿನ ಚರಿತ್ರೆ ಒಬ್ಬ ಬಡವನಿಂದಲೇ ಮೊದಲಾಗುತ್ತದೆ. 1896ರಲ್ಲಿ ಅಥೆನ್ಸಿನಲ್ಲಿ ಒಲಿಂಪಿಕ್ ಕ್ರೀಡೆಗಳು ಪುನರುಜ್ಜೀವನಗೊಂಡಾಗ, ಮಿಷೆಲ್ ಬ್ರೆಯಾಲ್ ಎಂಬ ಫ್ರೆಂಚ್ ಭಾಷಾವಿದ್ವಾಂಸರ ಸೂಚನೆಯ ಮೇರೆಗೆ ಮ್ಯಾರಥಾನ್ ಎಂಬ ಊರಿನಿಂದ ಅಥೆನ್ಸಿನ ಕ್ರೀಡಾಂಗಣದವರೆಗೆ ಸುಮಾರು 40 ಕಿಲೋಮೀಟರುಗಳ ಓಟವೊಂದನ್ನು ಏರ್ಪಡಿಸಲಾಯಿತು. ಗೆದ್ದವನಿಗೆ ಬೆಳ್ಳಿಯ ಬಟ್ಟಲೊಂದನ್ನು ಬ್ರೆಯಾಲರೇ ಕೊಡಮಾಡಿದರು. ಆ ಬಟ್ಟಲನ್ನು ಗೆದ್ದವನು ಸ್ಪಿರಿಡಾನ್ ಲೂಯಿಸ್. ಮರೂಸಿ ಎಂಬ ಹಳ್ಳಿಯವನು. ನೀರು ಸಾಗಿಸಿ ಮಾರುವುದು ಅವನ ಕಸುಬು. ಗೆದ್ದ ಮೇಲೆ ಏನು ಬೇಕೆಂದು ದೊರೆ ಕೇಳಲು, ನೀರು ಸಾಗಿಸುವುದಕ್ಕೆ ಒಂದು ಬಂಡಿ ಸಾಕೆಂದು ಅವನು ಬೇಡಿದನೆಂಬ ಕಥೆ ಇಂದಿಗೂ ಪ್ರಚಲಿತವಾಗಿದೆ. ಕಥೆಯ ಸತ್ಯಾಸತ್ಯ ಹೇಗಾದರೂ ಇರಲಿ, ಜನ ಅದನ್ನು ನೂರು ವರ್ಷಕ್ಕೂ ಮೀರಿ ನೆನಪಿನಲ್ಲಿ ಇಟ್ಟುಕೊಂಡಿರುವುದಕ್ಕೆ ಕಾರಣವಿದೆ. ದಿನನಿತ್ಯ ದುಡಿಯುವ ಕಾಲುಗಳಿಗೆ ಸಂದ ಗೌರವ ಅದು.

ಮರುವರ್ಷವೇ, ಎಂದರೆ 1897ರಲ್ಲಿ, ಅಮೆರಿಕದ ಬಾಸ್ಟನ್ ನಗರ ತನ್ನದೇ ಓಟವನ್ನು ಆರಂಭಿಸಿತು. ಅಂದು ಹೊರಟವರು 15 ಮಂದಿ. ಮುಂದೆ ಬಹುಕಾಲ ಅಲ್ಲಿ ಗೆದ್ದವನಿಗೆ ದೊರೆಯುತ್ತಿದ್ದುದು ಎಲೆಯ ಕಿರೀಟ. ಗುರಿ ಮುಟ್ಟಿದವರಿಗೆ ಒಂದೊಂದು ಬಟ್ಟಲು ಮಾಂಸದ ಸಾರು. ಹಣದ ಸೋಂಕು ತಾಗದ ಹವ್ಯಾಸಿ ಕ್ರೀಡೆ ಎಂಬ ಆದರ್ಶವನ್ನು ಆ ನಗರ ಬಿಗಿಯಾಗಿ ಹಿಡಿದುಕೊಂಡಿತ್ತು. ಬಾಸ್ಟನ್ನಿನಲ್ಲಿ ಗೆದ್ದವರಿಗೆ ಬಹುಮಾನದ ಹಣ ಸಂದದ್ದು 1986ರಲ್ಲಿ, ಒಂದು ವಿಮಾ ಸಂಸ್ಥೆ ಪ್ರಾಯೋಜಕತ್ವ ವಹಿಸಿಕೊಂಡ ಮೇಲೆ. ಆ ಆದರ್ಶಕ್ಕೂ ಒಂದು ಕುಂದಿತ್ತೆಂಬುದನ್ನು ಮರೆಯಬಾರದು. ಹಣ ಕೊಡದ ಆಟವನ್ನು ಆಡಲು ಹೊಟ್ಟೆ ತುಂಬಿದವನಿಗೇ ಹೆಚ್ಚು ಅನುಕೂಲ. ಬಹುಮಾನ ಬಂದ ಮೇಲೆ ಕೆನ್ಯ, ಇಥಿಯೋಪಿಯಗಳ ರೈತರ ಮಕ್ಕಳು ಓಟವನ್ನೇ ಜೀವನೋಪಾಯವಾಗಿ ನಂಬಿ ಬಾಳುವುದು ಸಾಧ್ಯವಾಯಿತು. ಹಣ ಬಂದುದೇ ತಪ್ಪೆಂದು ಹೇಳುವುದು, ಆದ್ದರಿಂದ, ಅವಿಚಾರದ ಮಾತು. ಬಂದ ಹಣ ಯಾರಿಗೆ ಬಾಗಿಲು ತೆರೆಯಿತು, ಯಾರಿಗೆ ಮುಚ್ಚಿತು ಎಂಬುದನ್ನು ಕೇಳಬೇಕು.

ಒಂದು ಡಾಲರಿನ ಕಾಲ

ಶುಲ್ಕದ ಕಥೆಯನ್ನು ಅರಿಯಲು ನ್ಯೂಯಾರ್ಕಿನಷ್ಟು ಒಳ್ಳೆಯ ನಿದರ್ಶನ ಬೇರೊಂದಿಲ್ಲ. 1970ರ ಸೆಪ್ಟೆಂಬರ್ 13ರಂದು ಆ ನಗರದ ಸೆಂಟ್ರಲ್ ಪಾರ್ಕಿನಲ್ಲಿ ಮೊದಲ ಓಟ ನಡೆಯಿತು. ಪ್ರವೇಶ ಶುಲ್ಕ ಒಂದು ಡಾಲರು. ಓಟದ ಒಟ್ಟು ಖರ್ಚು ಸುಮಾರು ಒಂದು ಸಾವಿರ ಡಾಲರು. ಹೊರಟವರು 127 ಮಂದಿ. ಉದ್ಯಾನದ ಏರಿಳಿತಗಳನ್ನು ಸುತ್ತಿ ಸುತ್ತಿ ಗುರಿ ಮುಟ್ಟಿದವರು 55 ಮಂದಿ. ಗೆದ್ದವರು ಗ್ಯಾರಿ ಮರ್ಕ್ ಎಂಬ ಅಗ್ನಿಶಾಮಕ ದಳದ ನೌಕರರು. ಹಿಂದಿನ ರಾತ್ರಿಯ ಪಾಳಿಯನ್ನು ಮುಗಿಸಿಕೊಂಡು ನೇರವಾಗಿ ಓಟಕ್ಕೆ ಬಂದವರು. ಬಹುಮಾನವಾಗಿ ಹಂಚಿದ್ದು ಅಗ್ಗದ ಕೈಗಡಿಯಾರಗಳು ಮತ್ತು ಬೇರೆ ಆಟದಿಂದ ಉಳಿದು ಬಂದ ಹಳೆಯ ಪಾರಿತೋಷಕಗಳು.

ಈ ಓಟವನ್ನು ಕಟ್ಟಿ ಬೆಳೆಸಿದವರಲ್ಲಿ ಪ್ರಮುಖರಾದವರು ಫ್ರೆಡ್ ಲೆಬೌ. ರುಮೇನಿಯದಲ್ಲಿ ಹುಟ್ಟಿ, ಅಮೆರಿಕಕ್ಕೆ ವಲಸೆ ಬಂದು, ಸಿದ್ಧ ಉಡುಪುಗಳ ವ್ಯಾಪಾರದಲ್ಲಿ ಬದುಕು ಕಂಡುಕೊಂಡಿದ್ದ ಅವರು ಸ್ವತಃ ವೇಗದ ಓಟಗಾರರಾಗಿರಲಿಲ್ಲ. ಎಲ್ಲರನ್ನೂ ಓಡಿಸಬೇಕೆಂಬ ಹಟ ಮಾತ್ರ ಅವರಲ್ಲಿತ್ತು. 1976ರಲ್ಲಿ, ಅಮೆರಿಕದ ಸ್ವಾತಂತ್ರ್ಯದ ಇನ್ನೂರನೆಯ ವರ್ಷದಂದು, ಓಟ ಉದ್ಯಾನವನ್ನು ಬಿಟ್ಟು ನಗರದ ಐದೂ ವಿಭಾಗಗಳ ಬೀದಿಗಳಿಗೆ ಇಳಿಯಿತು. ಆಗ ನ್ಯೂಯಾರ್ಕ್ ದಿವಾಳಿಯ ಅಂಚಿನಲ್ಲಿದ್ದ ನಗರ. ಅದರ ಬೀದಿಗಳೆಂದರೆ ಜನ ಹೆದರುತ್ತಿದ್ದ ಕಾಲ. ಅಂಥ ಬೀದಿಗಳಲ್ಲಿ ಎರಡು ಸಾವಿರ ಮಂದಿ ಓಡಿದರು; ಬಡವರ ಬಡಾವಣೆಗಳ ಜನ ಬಾಗಿಲಿಗೆ ಬಂದು ಚಪ್ಪಾಳೆ ತಟ್ಟಿದರು. ಒಡೆದುಹೋಗಿದ್ದ ನಗರವೊಂದು ಒಂದು ದಿನದ ಮಟ್ಟಿಗೆ ಒಂದಾಯಿತು. ನಗರದ ಮ್ಯಾರಥಾನ್ ಎಂಬ ಈಗಿನ ಕಲ್ಪನೆ ಬಲಗೊಂಡದ್ದು ಆ ದಿನ.

1970ರಿಂದ ಈಚೆಗೆ ಅಮೆರಿಕದಲ್ಲಿ ವಸ್ತುಗಳ ಬೆಲೆ ಸರಾಸರಿ ಎಂಟು ಪಟ್ಟಿನಷ್ಟು ಏರಿದೆ. ಅನ್ನ, ಬಟ್ಟೆ, ಬಾಡಿಗೆಗಳ ಜೊತೆಜೊತೆಗೇ ಓಟದ ಶುಲ್ಕವೂ ಏರಿದ್ದರೆ ಅದು ಇಂದು ಎಂಟು ಡಾಲರಾಗಿರಬೇಕಾಗಿತ್ತು. ಈಗಿನ ಶುಲ್ಕ ಅದರ ಮೂವತ್ತು ಪಟ್ಟನ್ನೂ ದಾಟಿದೆ. ಇದನ್ನು ಕಾಲಧರ್ಮವೆಂದು ತಳ್ಳಿಹಾಕುವಂತಿಲ್ಲ.

ಖರ್ಚಿನ ಲೆಕ್ಕ

ವ್ಯವಸ್ಥಾಪಕರ ಮಾತನ್ನೂ ಕೇಳಬೇಕಷ್ಟೆ. ಒಂದು ಉದ್ಯಾನದಲ್ಲಿ 127 ಮಂದಿಯನ್ನು ಓಡಿಸುವುದಕ್ಕೂ, ಇಡೀ ಮಹಾನಗರದ ಸಂಚಾರವನ್ನು ತಡೆದು 50 ಸಾವಿರಕ್ಕೂ ಹೆಚ್ಚು ಮಂದಿಯನ್ನು ಓಡಿಸುವುದಕ್ಕೂ ಹೋಲಿಕೆಯೇ ಇಲ್ಲ. 42 ಕಿಲೋಮೀಟರುಗಳ ದಾರಿಯುದ್ದಕ್ಕೂ ತಡೆಗಟ್ಟೆಗಳು, ಅಡ್ಡರಸ್ತೆಗಳಲ್ಲಿ ಪೋಲೀಸರು, ಕುಡಿಯುವ ನೀರಿನ ಅರವಟ್ಟಿಗೆಗಳು, ತಾತ್ಕಾಲಿಕ ಶೌಚಗೃಹಗಳು, ವೈದ್ಯರ ಡೇರೆಗಳು, ಆಂಬ್ಯುಲೆನ್ಸುಗಳು, ವಿಮೆ, ಕೊನೆಗೆ ಕೊರಳಿಗೆ ಹಾಕುವ ಪದಕ—ಇವೆಲ್ಲ ಬೇಕು. ನ್ಯೂಯಾರ್ಕಿನಲ್ಲಿ ಓಟ ಹೊರಡುವ ಸ್ಟೇಟನ್ ದ್ವೀಪಕ್ಕೆ ಸಾವಿರ ಸಾವಿರ ಮಂದಿಯನ್ನು ಮುಂಜಾನೆಯೇ ಬಸ್ಸುಗಳಲ್ಲಿಯೂ ಹಡಗುಗಳಲ್ಲಿಯೂ ಸಾಗಿಸಬೇಕು. ಕಾಲಿಗೋ ಎದೆಯ ಚೀಟಿಗೋ ಅಂಟಿಕೊಂಡ ಪುಟ್ಟ ಯಂತ್ರ ಪ್ರತಿಯೊಬ್ಬನ ಕಾಲವನ್ನೂ ಕ್ಷಣಲೆಕ್ಕದಲ್ಲಿ ಗುರುತಿಸುತ್ತದೆ. ಹಿಂದೆ ಗಡಿಯಾರ ಹಿಡಿದು ನಿಂತ ಒಬ್ಬ ಮಾಡುತ್ತಿದ್ದ ಕೆಲಸ ಇದು. ಇಂದು ಅದಕ್ಕೆ ಬೇರೆಯೇ ಸಂಸ್ಥೆಗಳಿವೆ. ಇಷ್ಟಾದರೂ ಹತ್ತು ಸಾವಿರಕ್ಕೂ ಮೀರಿದ ಸ್ವಯಂಸೇವಕರು ಕೂಲಿಯಿಲ್ಲದೆ ದುಡಿಯುವುದರಿಂದಲೇ ಈ ಬಂಡಿ ಸಾಗುತ್ತಿದೆ.

ಇದರ ಮೇಲೆ ರಕ್ಷಣೆಯ ಭಾರ. 2013ರ ಏಪ್ರಿಲ್ 15ರಂದು ಬಾಸ್ಟನ್ ಓಟದ ಗುರಿಯ ಬಳಿ ಬಾಂಬುಗಳು ಸಿಡಿದು ಮೂವರು ಮಡಿದರು, ನೂರಾರು ಮಂದಿ ಗಾಯಗೊಂಡರು. ಅಂದಿನಿಂದ ದೊಡ್ಡ ಓಟಗಳಲ್ಲೆಲ್ಲ ಶೋಧನೆ, ಕಾವಲು, ಕ್ಯಾಮೆರಾಗಳ ಏರ್ಪಾಡು ಹೆಚ್ಚಿತು. ಬಯಲಿನಲ್ಲಿ ನಡೆಯುವ ಉತ್ಸವವನ್ನು ಕೋಟೆಯೊಳಗೆ ನಡೆಸಿದಂತೆ ನಡೆಸಬೇಕಾಗಿ ಬಂದಾಗ, ಕೋಟೆಯ ಖರ್ಚನ್ನೂ ಯಾರಾದರೂ ಹೊರಬೇಕಲ್ಲವೆ?

ಇಲ್ಲಿ ವಾಚಕರು ವಿಶೇಷವಾಗಿ ಗಮನಿಸಬೇಕಾದ ಅಂಶವೊಂದಿದೆ. ಹಿಂದೆ ನಗರವೇ ಉಚಿತವಾಗಿ ಸಲ್ಲಿಸುತ್ತಿದ್ದ ಸೇವೆಗಳಿಗೆ ಈಗ ನಗರ ಬೆಲೆ ಕಟ್ಟತೊಡಗಿದೆ. 2012ರಲ್ಲಿ ನ್ಯೂಯಾರ್ಕಿನ ಶುಲ್ಕ ಒಂದೇ ಸಲಕ್ಕೆ ಸುಮಾರು 60 ಡಾಲರುಗಳಷ್ಟು ಏರಿದಾಗ, ಪೋಲೀಸು ಮೊದಲಾದ ಸೇವೆಗಳಿಗಾಗಿ ನಗರಕ್ಕೆ ತೆರಬೇಕಾದ ಹಣ ಹೆಚ್ಚಾಗಿರುವುದೇ ಅದಕ್ಕೆ ಕಾರಣವೆಂದು ವ್ಯವಸ್ಥಾಪಕರು ಹೇಳಿದರು. 2024ರಲ್ಲಿ ಇನ್ನೂ ಸ್ವಾರಸ್ಯವಾದ ಪ್ರಸಂಗ ನಡೆಯಿತು. ಓಟ ಆರಂಭವಾಗುವ ವೆರಝಾನೊ ಸೇತುವೆಯನ್ನು ಮುಚ್ಚುವುದರಿಂದ ತನಗೆ ವಾಹನಗಳ ಸುಂಕದಲ್ಲಿ ನಷ್ಟವಾಗುತ್ತದೆ, ಆದ್ದರಿಂದ ಸುಮಾರು ಏಳೂವರೆ ಲಕ್ಷ ಡಾಲರುಗಳನ್ನು ತುಂಬಿಕೊಡಬೇಕೆಂದು ಅಲ್ಲಿನ ಸಾರಿಗೆ ಪ್ರಾಧಿಕಾರ ಕೇಳಿತು. ಹಾಗಾದರೆ ಓಟಗಾರರ ಶುಲ್ಕ ಏರಿಸಬೇಕಾದೀತೆಂದು ವ್ಯವಸ್ಥಾಪಕರು ಎಚ್ಚರಿಸಿದರು. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡಂತಾಯಿತು! ಕಡೆಗೆ ರಾಜ್ಯದ ಗವರ್ನರ್ ಕ್ಯಾಥಿ ಹೋಕುಲ್ ಅವರೇ ಮಧ್ಯೆ ಬಂದು ಆ ಬೇಡಿಕೆಯನ್ನು ಕೈಬಿಡಿಸಬೇಕಾಯಿತು.

ಈ ಪ್ರಸಂಗದಲ್ಲಿ ಒಂದು ತತ್ತ್ವ ಅಡಗಿದೆ. ಸೇತುವೆಯ ಮೇಲೆ ಓಡುವ ಕಾಲುಗಳನ್ನು, ಬಾರದೆ ಹೋದ ಕಾರುಗಳ ಲೆಕ್ಕದಲ್ಲಿ ಅಳೆಯಲಾಯಿತು. ಒಮ್ಮೆ ಹೀಗೆ ಅಳೆಯಲು ತೊಡಗಿದರೆ ಅದಕ್ಕೆ ಕೊನೆಯಿಲ್ಲ. ಮುಚ್ಚಿದ ಅಂಗಡಿಯ ನಷ್ಟ, ತಡವಾದ ಬಸ್ಸಿನ ನಷ್ಟ, ತಿರುಗಿ ಹೋದ ಲಾರಿಯ ನಷ್ಟ ಎಲ್ಲವನ್ನೂ ಓಡುವವನ ತಲೆಗೆ ಕಟ್ಟಬಹುದು.

ಇನ್ನು ಪ್ರಾಯೋಜಕರ ಮಾತು. ದೊಡ್ಡ ಓಟಗಳೆಲ್ಲ ಈಗ ಯಾವುದಾದರೊಂದು ಬ್ಯಾಂಕಿನ ಅಥವಾ ಉದ್ಯಮದ ಹೆಸರನ್ನು ಹೊತ್ತಿವೆ. ನಮ್ಮ ದೇಶದ ಟಾಟಾ ಕನ್ಸಲ್ಟೆನ್ಸಿ ಸರ್ವಿಸಸ್ ಸಂಸ್ಥೆ 2014ರಿಂದ ನ್ಯೂಯಾರ್ಕಿನ ಓಟಕ್ಕೂ, 2022ರಿಂದ ಲಂಡನ್ನಿನ ಓಟಕ್ಕೂ ತನ್ನ ಹೆಸರನ್ನು ಕೊಟ್ಟಿದೆ. ಬೆಂಗಳೂರಿನಲ್ಲಿ 2008ರಲ್ಲಿ ಮೊದಲಾದ ಹತ್ತು ಕಿಲೋಮೀಟರುಗಳ ಓಟವೂ ಮುಂದೆ ಅದೇ ಹೆಸರನ್ನು ಧರಿಸಿತು. ಪ್ರಾಯೋಜಕನ ಹಣ ಬಂದಷ್ಟೂ ಓಟಗಾರನ ಶುಲ್ಕ ಇಳಿಯಬೇಕೆಂಬುದು ಲೋಕರೂಢಿಯ ಲೆಕ್ಕ. ಹಾಗಾಗಲಿಲ್ಲ. ಹಣ ಬಂದಂತೆ ಓಟದ ವೈಭವ ಬೆಳೆಯಿತು; ವೈಭವ ಬೆಳೆದಂತೆ ಖರ್ಚು ಬೆಳೆಯಿತು; ಖರ್ಚು ಬೆಳೆದಂತೆ ಶುಲ್ಕ ಬೆಳೆಯಿತು. ಮದುವೆಯ ಚಪ್ಪರ ದೊಡ್ಡದಾದಷ್ಟೂ ಸಾಲ ದೊಡ್ಡದಾಗುವುದನ್ನು ಬಲ್ಲ ನಮಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಚೀಟಿಯೆತ್ತುವ ಅದೃಷ್ಟ

ಶುಲ್ಕ ಇಷ್ಟಾದರೂ ಜನ ಹಿಂಜರಿದಿದ್ದಾರೆಯೆ? ಇಲ್ಲ. ಬೆಲೆ ಏರಿದಷ್ಟೂ ನೂಕುನುಗ್ಗಲು ಹೆಚ್ಚಾಗುತ್ತಿದೆ ಎಂಬುದೇ ಈ ಕಾಲದ ವಿಚಿತ್ರ. 2025ರ ಲಂಡನ್ ಓಟಕ್ಕೆ ಚೀಟಿಯೆತ್ತುವ ಸರದಿಯಲ್ಲಿ ಹೆಸರು ಕೊಟ್ಟವರು 8 ಲಕ್ಷ 40 ಸಾವಿರ ಮಂದಿ. 2026ರ ಓಟಕ್ಕೆ 11 ಲಕ್ಷಕ್ಕೂ ಹೆಚ್ಚು. 2025ರಲ್ಲಿ ಅಲ್ಲಿ ಗುರಿ ಮುಟ್ಟಿದವರು 56 ಸಾವಿರ ಚಿಲ್ಲರೆ. ನ್ಯೂಯಾರ್ಕಿನ 2024ರ ಓಟದ ಚೀಟಿಗೆ ಹೆಸರು ಕೊಟ್ಟ 1 ಲಕ್ಷ 65 ಸಾವಿರ ಮಂದಿಯಲ್ಲಿ ನೂರಕ್ಕೆ ನಾಲ್ವರಿಗೆ ಮಾತ್ರ ಅವಕಾಶ ದೊರೆಯಿತು. ಹಿಂದೆ ಆ ಚೀಟಿಗೆ ಹೆಸರು ಕೊಡುವುದಕ್ಕೂ ಮರಳಿ ಬಾರದ 11 ಡಾಲರುಗಳನ್ನು ತೆರಬೇಕಾಗಿತ್ತು. ಇದು ಕಾನೂನಿಗೆ ವಿರುದ್ಧವಾದ ಲಾಟರಿ ಎಂದು 2016ರಲ್ಲಿ ನ್ಯಾಯಾಲಯದಲ್ಲಿ ದಾವೆಯೇ ಹೂಡಲ್ಪಟ್ಟಿತು.

ಚೀಟಿಯಲ್ಲಿ ಸೋತವನಿಗೆ ಉಳಿದ ದಾರಿಗಳಲ್ಲಿ ಮುಖ್ಯವಾದುದು ದಾನದ ದಾರಿ. ಧರ್ಮಸಂಸ್ಥೆಯೊಂದು ಓಟದ ಸ್ಥಾನಗಳನ್ನು ಮುಂಗಡವಾಗಿ ಕೊಂಡಿರುತ್ತದೆ; ಆ ಸ್ಥಾನ ಬೇಕಾದವನು ನಿಗದಿಯಾದ ಮೊತ್ತವನ್ನು ನೆಂಟರಿಷ್ಟರಿಂದಲೋ ಸಹೋದ್ಯೋಗಿಗಳಿಂದಲೋ ಕೂಡಿಸಿ ಸಂಸ್ಥೆಗೆ ಒಪ್ಪಿಸಬೇಕು. ಲಂಡನ್ನಿನಲ್ಲಿ ಈ ಮೊತ್ತ ಸಾಮಾನ್ಯವಾಗಿ ಎರಡು ಸಾವಿರ ಪೌಂಡುಗಳ ಆಸುಪಾಸು; ಬಾಸ್ಟನ್ನಿನಲ್ಲಿ ಐದು ಸಾವಿರ ಡಾಲರುಗಳನ್ನೂ ಮೀರುವುದುಂಟು. ಈ ಏರ್ಪಾಡಿನಿಂದ ಆದ ಉಪಕಾರ ಅಲ್ಪವಲ್ಲ. 2025ರ ಲಂಡನ್ ಓಟವೊಂದರಿಂದಲೇ ಧರ್ಮಕಾರ್ಯಗಳಿಗೆ 8 ಕೋಟಿ 73 ಲಕ್ಷ ಪೌಂಡುಗಳು ಕೂಡಿಬಂದವು. ಆಸ್ಪತ್ರೆಗಳು, ಕ್ಯಾನ್ಸರ್ ಸಂಶೋಧನೆ, ಅನಾಥ ಮಕ್ಕಳ ಸಂರಕ್ಷಣೆ ಇವಕ್ಕೆಲ್ಲ ಒದಗಿದ ಹಣ ಅದು. ಇದನ್ನು ಹಗುರವಾಗಿ ಕಾಣುವವನು ಕೃತಘ್ನ.

ಆದರೂ ಒಂದು ಸಂದೇಹ ಮನಸ್ಸನ್ನು ಕಾಡದೆ ಬಿಡದು. ಎರಡು ಸಾವಿರ ಪೌಂಡುಗಳನ್ನು ಕೂಡಿಸಬಲ್ಲವನು ಎಂಥವನು? ಹಣವುಳ್ಳ ಸ್ನೇಹಿತರನ್ನು ಪಡೆದವನು. ಬ್ಯಾಂಕಿನ ಅಧಿಕಾರಿ ತನ್ನ ಕಚೇರಿಯಲ್ಲಿ ಒಂದು ಸುತ್ತು ಹಾಕಿ ಆ ಮೊತ್ತವನ್ನು ತರಬಲ್ಲ. ಅದೇ ಕಚೇರಿಯ ನೆಲ ಒರೆಸುವ ಹೆಂಗಸು ತನ್ನ ನೆರೆಹೊರೆಯನ್ನೆಲ್ಲ ಸುತ್ತಿದರೂ ತರಲಾರಳು. ಅವಳಿಗೆ ದಾನಬುದ್ಧಿ ಕಡಿಮೆಯಿದೆ ಎಂದಲ್ಲ. ಅವಳ ನೆರೆಹೊರೆಯ ಜೇಬು ಕಿರಿದು. ಹೀಗೆ ಪುಣ್ಯದ ಬಾಗಿಲಿಗೂ ಅಂತಸ್ತಿನ ಹೊಸ್ತಿಲು ಬಂದು ಕೂಡುತ್ತದೆ.

ಯೋಗ್ಯತೆಯ ದಾರಿಯೊಂದಿಲ್ಲವೆ ಎಂದು ಕೇಳಬಹುದು. ಬಾಸ್ಟನ್ನಿನಲ್ಲಿ ಅದು ಇದೆ. ವಯಸ್ಸಿಗೆ ತಕ್ಕಂತೆ ಗೊತ್ತುಮಾಡಿದ ಕಾಲದೊಳಗೆ ಬೇರೊಂದು ಮ್ಯಾರಥಾನನ್ನು ಮುಗಿಸಿದವನು ಅಲ್ಲಿ ಓಡಲು ಅರ್ಜಿ ಹಾಕಬಹುದು. ಇದು ಮೆಚ್ಚತಕ್ಕ ಕ್ರಮ. ಆದರೆ 2025ರ ಓಟಕ್ಕೆ ಅರ್ಹತೆ ಪಡೆದು ಅರ್ಜಿ ಹಾಕಿದ 36 ಸಾವಿರ ಮಂದಿಯಲ್ಲಿ 12 ಸಾವಿರಕ್ಕೂ ಹೆಚ್ಚು ಮಂದಿ ನಿರಾಶರಾಗಿ ಹಿಂತಿರುಗಬೇಕಾಯಿತು. ಅಲ್ಲದೆ, ಅರ್ಹತೆಯ ಕಾಲವನ್ನು ಸಂಪಾದಿಸುವುದಕ್ಕೆ ಓಡಬೇಕಾದ ಆ ಮೊದಲ ಓಟಕ್ಕೂ ಶುಲ್ಕವಿದೆ. ಪರೀಕ್ಷೆಗೆ ಕೂರುವುದಕ್ಕೆ ಫೀಜು ಕಟ್ಟಲಾಗದ ವಿದ್ಯಾರ್ಥಿಗೆ ಬುದ್ಧಿಯಿದ್ದರೂ ತೇರ್ಗಡೆಯಿಲ್ಲವೆಂಬುದು ಅಧ್ಯಾಪಕರಾದವರಿಗೆಲ್ಲ ಗೊತ್ತು.

ಈ ಆಕಾಂಕ್ಷೆಗೆ ನೀರೆರೆದ ಇನ್ನೊಂದು ಏರ್ಪಾಡಿದೆ. 2006ರಲ್ಲಿ ಬಾಸ್ಟನ್, ಲಂಡನ್, ಬರ್ಲಿನ್, ಷಿಕಾಗೊ, ನ್ಯೂಯಾರ್ಕ್ ಓಟಗಳು ಸೇರಿ ಒಂದು ಕೂಟವನ್ನು ಕಟ್ಟಿಕೊಂಡವು. ಮುಂದೆ ಟೋಕಿಯೊ ಸೇರಿತು, ಆ ಬಳಿಕ ಸಿಡ್ನಿ. ಆರು ಓಟಗಳನ್ನು ಮುಗಿಸಿದವನಿಗೆ ವಿಶೇಷ ಪದಕವೊಂದನ್ನು ಕೊಡುವ ಪದ್ಧತಿಯೂ ಬಂದಿತು. ಅಂದಿನಿಂದ ಇದು ಒಂದು ಬಗೆಯ ತೀರ್ಥಯಾತ್ರೆಯಾಯಿತು. ನಮ್ಮ ಬೆಂಗಳೂರು, ಮುಂಬಯಿಗಳಿಂದಲೂ ಪ್ರತಿವರ್ಷ ಯಾತ್ರಿಕರು ಹೊರಡುತ್ತಾರೆ. ಕಾಶಿಗೆ ಕಾಲ್ನಡೆಯಲ್ಲಿ ಹೋಗುತ್ತಿದ್ದ ಕಾಲದಲ್ಲಿ ಬಡವನಿಗೂ ಯಾತ್ರೆ ಸಾಧ್ಯವಿತ್ತು, ದಾರಿಯಲ್ಲಿ ಛತ್ರಗಳಿದ್ದವು. ಈ ಹೊಸ ಯಾತ್ರೆಯಲ್ಲಿ ನಡೆಯುವುದಕ್ಕೆ, ಅಲ್ಲ ಓಡುವುದಕ್ಕೆ, ಮೊದಲು ವಿಮಾನ ಹತ್ತಬೇಕು.

ಬೀದಿ ಯಾರದು?

ಇಷ್ಟೆಲ್ಲ ವಿಚಾರಿಸಿದ ಮೇಲೆ ನಮ್ಮ ಮುಂದೆ ನಿಲ್ಲುವ ಪ್ರಶ್ನೆ ಇದು: ಶುಲ್ಕ ತೆತ್ತವನು ಕೊಳ್ಳುವುದೇನನ್ನು? ಓಟವನ್ನಂತೂ ಅಲ್ಲ, ಓಟ ಅವನ ಕಾಲುಗಳಲ್ಲೇ ಇದೆ. ದೂರವನ್ನೂ ಅಲ್ಲ, 42 ಕಿಲೋಮೀಟರು ಯಾವ ಊರಿನ ಹೊರವಲಯದಲ್ಲಾದರೂ ಸಿಕ್ಕೀತು. ಅವನು ಕೊಳ್ಳುವುದು ಆ ದಿನದ ಮಟ್ಟಿಗೆ ವಾಹನಗಳಿಲ್ಲದೆ ತೆರವಾದ ಬೀದಿಯನ್ನು, ಇಕ್ಕೆಲಗಳಲ್ಲಿ ನಿಂತು ಹೆಸರು ಹಿಡಿದು ಹುರಿದುಂಬಿಸುವ ಜನಸಾಗರವನ್ನು. ಈ ಎರಡರಲ್ಲಿ ಯಾವುದೂ ವ್ಯವಸ್ಥಾಪಕರ ಸ್ವತ್ತಲ್ಲ. ಬೀದಿ ನಗರದ್ದು. ಜನ ತಾವಾಗಿಯೇ ಬಂದವರು. ಅವರಿಗೆ ಯಾರೂ ಕೂಲಿ ಕೊಟ್ಟಿಲ್ಲ. ಓಟದ ಕಾರಣದಿಂದ ಮನೆಯಿಂದ ಹೊರಗೆ ವಾಹನ ತೆಗೆಯಲಾಗದೆ ಸಹಿಸಿಕೊಂಡವರೂ ಅವರೇ.

ನಮ್ಮ ಊರುಗಳಲ್ಲಿ ತೇರಿನ ದಿನವನ್ನು ನೆನೆದುಕೊಳ್ಳೋಣ. ಅಂದು ರಥಬೀದಿಯಲ್ಲಿ ಗಾಡಿ ಓಡುವುದಿಲ್ಲ, ಅಂಗಡಿಗಳ ಚಾವಣಿಗಳನ್ನು ಬಿಚ್ಚಿ ದಾರಿ ಬಿಡುತ್ತಾರೆ, ಪೋಲೀಸರು ಬರುತ್ತಾರೆ, ಪಾನಕ ಮಜ್ಜಿಗೆ ಹಂಚುತ್ತಾರೆ. ಇದಕ್ಕೆ ಖರ್ಚಿಲ್ಲವೆ? ಉಂಟು. ಊರೊಟ್ಟಿನ ವಂತಿಗೆಯಿಂದ, ಉಳ್ಳವರ ಹರಕೆಯಿಂದ, ಕೈಲಾಗದವರ ದುಡಿಮೆಯಿಂದ ಅದು ನೆರವೇರುತ್ತದೆ. ಆದರೆ ಹಗ್ಗಕ್ಕೆ ಕೈಹಚ್ಚಲು ಬಂದವನನ್ನು ತಡೆದು, 'ಚೀಟಿ ಎಲ್ಲಿ?' ಎಂದು ಕೇಳುವವರಿಲ್ಲ. ನಮ್ಮ ತೇರುಗಳ ಚರಿತ್ರೆಯೂ ನಿಷ್ಕಳಂಕವಾದುದಲ್ಲ. ಜಾತಿಯ ಕಾರಣದಿಂದ ಹಗ್ಗದಿಂದ ದೂರ ನಿಲ್ಲಿಸಲ್ಪಟ್ಟವರು ಅನೇಕರು. ಆ ಅನ್ಯಾಯವನ್ನು ಅನ್ಯಾಯವೆಂದು ನಾವು ಗುರುತಿಸಿದ್ದು ಒಂದೇ ಕಾರಣದಿಂದ: ಬೀದಿ ಎಲ್ಲರದು, ಆದ್ದರಿಂದ ಉತ್ಸವವೂ ಎಲ್ಲರದು. ಜಾತಿ ಹಿಡಿದು ನಿಲ್ಲಿಸುವುದು ತಪ್ಪಾದರೆ ಜೇಬು ಹಿಡಿದು ನಿಲ್ಲಿಸುವುದು ಹೇಗೆ ಸರಿಯಾದೀತು?

ಹಾಗೆಂದು ಶುಲ್ಕವನ್ನೇ ಕಿತ್ತುಹಾಕಬೇಕೆಂಬುದು ವಿವೇಕದ ಸಲಹೆಯಲ್ಲ. ಶುಲ್ಕವಿಲ್ಲದಿದ್ದರೆ ಹೆಸರು ಕೊಡುವವರ ಸಂಖ್ಯೆ ಹನ್ನೊಂದು ಲಕ್ಷದಿಂದ ಇನ್ನೆಷ್ಟಕ್ಕೆ ಏರೀತೊ! ಆಗ ಬಡವನಿಗೆ ಸ್ಥಾನ ಸಿಕ್ಕುವ ಸಂಭವ ಇನ್ನೂ ಕಡಿಮೆಯಾದೀತು. ಹಣವುಳ್ಳ ಪರದೇಶಿ ಪ್ರವಾಸಿ ಹೆಚ್ಚು ತೆತ್ತರೆ ಅದರಲ್ಲಿ ದೋಷವಿಲ್ಲ. ಲಂಡನ್ ಓಟ ತನ್ನ ದೇಶದವರಿಗೆ ಕಡಿಮೆ, ಹೊರಗಿನವರಿಗೆ ಬಹಳ ಹೆಚ್ಚು ಎಂಬ ಭೇದವನ್ನು ಇಟ್ಟುಕೊಂಡಿದೆ. ಆ ಓಟ ಹುಟ್ಟಿದ್ದೂ ಒಂದು ಉದಾತ್ತ ಆಶಯದಿಂದ. ಒಲಿಂಪಿಕ್ ವಿಜೇತರಾದ ಕ್ರಿಸ್ ಬ್ರಾಷರ್ 1979ರಲ್ಲಿ ನ್ಯೂಯಾರ್ಕಿನಲ್ಲಿ ಓಡಿ, ಆ ಜನಸಂದಣಿಯ ಸೌಹಾರ್ದವನ್ನು ಕಂಡು ಬೆರಗಾಗಿ, ಊರಿಗೆ ಮರಳಿ ಪತ್ರಿಕೆಯಲ್ಲಿ ಬರೆದರು. ಗೆಳೆಯ ಜಾನ್ ಡಿಸ್ಲಿಯವರೊಡನೆ ಸೇರಿ 1981ರ ಮಾರ್ಚಿಯಲ್ಲಿ ಲಂಡನ್ನಿನ ಮೊದಲ ಓಟವನ್ನು ನಡೆಸಿದರು. ಉಳಿತಾಯದ ಹಣ ಜನರ ಆಟದ ಬಯಲುಗಳಿಗೆ ಸಲ್ಲಬೇಕೆಂಬುದು ಮೊದಲಿನಿಂದಲೂ ಅವರ ಗುರಿಗಳಲ್ಲಿ ಒಂದಾಗಿತ್ತು; ಇಂದಿಗೂ ಸಲ್ಲುತ್ತಿದೆ. ನ್ಯೂಯಾರ್ಕಿನಲ್ಲಿಯೂ ವರ್ಷವಿಡೀ ಒಂಬತ್ತು ಸಣ್ಣ ಓಟಗಳಲ್ಲಿ ಓಡಿ ಒಂದರಲ್ಲಿ ಸ್ವಯಂಸೇವಕನಾಗಿ ದುಡಿದ ಸದಸ್ಯನಿಗೆ ಮ್ಯಾರಥಾನಿನಲ್ಲಿ ಸ್ಥಾನ ಖಚಿತ. ಆದರೆ ಆ ಒಂಬತ್ತಕ್ಕೂ ಶುಲ್ಕವುಂಟು, ಹತ್ತನೆಯದಕ್ಕೂ ಉಂಟು.

ಆಗಬೇಕಾದುದು ಇಷ್ಟೆ. ನಗರ ತನ್ನ ಬೀದಿಯನ್ನು ಬಿಟ್ಟುಕೊಡುವಾಗ ಪೋಲೀಸರ ಕೂಲಿಯ ಪಟ್ಟಿಯನ್ನು ಮಾತ್ರ ಮುಂದಿಡದೆ, ತನ್ನ ಪ್ರಜೆಗಳ ಪಾಲನ್ನೂ ಕೇಳಬೇಕು. ಐವತ್ತು ಸಾವಿರ ಸ್ಥಾನಗಳಲ್ಲಿ ಐದು ಸಾವಿರವನ್ನಾದರೂ ಓಟ ಹಾದುಹೋಗುವ ಬಡಾವಣೆಗಳ ವಿದ್ಯಾರ್ಥಿಗಳಿಗೆ, ಕೂಲಿಗಾರರಿಗೆ, ಸಣ್ಣ ಸಂಬಳದ ನೌಕರರಿಗೆ ನಾಮಮಾತ್ರ ಶುಲ್ಕಕ್ಕೆ ಮೀಸಲಿಡಬೇಕು. ಆ ಶುಲ್ಕ ಎಷ್ಟಿರಬೇಕೆಂದು ಕೇಳಿದರೆ ಉತ್ತರ ಸಿದ್ಧವಾಗಿದೆ: 1970ರ ಒಂದು ಡಾಲರಿಗೆ ಇಂದಿನ ಬೆಲೆ ಎಂಟು ಡಾಲರು. ಅದರಿಂದ ಬರುವ ನಷ್ಟವನ್ನು ಪರದೇಶದ ಪ್ರವಾಸಿಯೂ, ಓಟದ ಎದೆಯ ಮೇಲೆ ತನ್ನ ಹೆಸರನ್ನು ಬರೆಸಿಕೊಂಡ ಉದ್ಯಮಿಯೂ ಹೊರಲಿ. ದಾನಕ್ಕಾಗಿ ಓಡುವವರಿಗೆ ಅಷ್ಟೊಂದು ಸ್ಥಾನಗಳನ್ನು ಒದಗಿಸಬಲ್ಲ ವ್ಯವಸ್ಥೆಗೆ ಇದು ಅಸಾಧ್ಯವೆಂದು ತೋರುವುದಿಲ್ಲ.

ಹಣವಿಲ್ಲದೆಯೂ ಜನರನ್ನು ಓಡಿಸಬಹುದೆಂಬುದಕ್ಕೆ ಪ್ರತ್ಯಕ್ಷ ನಿದರ್ಶನವೇ ಇದೆ. 2004ರ ಅಕ್ಟೋಬರ್ 2ರಂದು ಲಂಡನ್ನಿನ ಅಂಚಿನ ಬುಷಿ ಪಾರ್ಕಿನಲ್ಲಿ 13 ಮಂದಿ ಸೇರಿ ಐದು ಕಿಲೋಮೀಟರು ಓಡಿದರು. ಶುಲ್ಕವಿಲ್ಲ, ಬಹುಮಾನವಿಲ್ಲ, ಕಾಲ ಗುರುತಿಸಲು ಕೆಲವು ಸ್ವಯಂಸೇವಕರು. ಪಾಲ್ ಸಿಂಟನ್‌ಹ್ಯೂಯಿಟ್ ಅವರು ಹಾಗೆ ಮೊದಲುಮಾಡಿದ ಆ ಓಟ 'ಪಾರ್ಕ್‌ರನ್' ಎಂಬ ಹೆಸರಿನಲ್ಲಿ ಇಪ್ಪತ್ತಕ್ಕೂ ಹೆಚ್ಚು ದೇಶಗಳಿಗೆ ಹಬ್ಬಿದೆ. ಎರಡು ಸಾವಿರಕ್ಕೂ ಹೆಚ್ಚು ಸ್ಥಳಗಳಲ್ಲಿ ವಾರವಾರವೂ ನಡೆಯುತ್ತಿದೆ. ಇಂದಿಗೂ ಶುಲ್ಕವಿಲ್ಲ. ಆದರೆ ಅದು ನಡೆಯುವುದು ಬಹುಮಟ್ಟಿಗೆ ಉದ್ಯಾನಗಳಲ್ಲಿ. ಮಹಾನಗರದ ನಟ್ಟನಡುವಿನ ರಾಜಬೀದಿಯಲ್ಲಿ ಓಡುವ ಸಂಭ್ರಮವನ್ನು ಅದು ಕೊಡಲಾರದು. ಉದ್ಯಾನ ಬಡವನಿಗೆ, ರಾಜಬೀದಿ ಧನಿಕನಿಗೆ ಎಂಬ ಪಾಲುಪಟ್ಟಿಯನ್ನು ಒಪ್ಪಿಕೊಂಡು ತೃಪ್ತರಾಗುವುದು ಸರಿಯಲ್ಲ. ಆ ರಾಜಬೀದಿಗೆ ಡಾಂಬರು ಹಾಕಿದವನೂ, ಓಟ ಮುಗಿದ ಸಂಜೆ ಬಿದ್ದ ಕಾಗದದ ಲೋಟಗಳನ್ನು ಗುಡಿಸುವವನೂ ಅವನೇ ಅಲ್ಲವೆ?

ನಮ್ಮ ದೇಶದಲ್ಲಿ ಈ ಪ್ರಶ್ನೆ ಇನ್ನೂ ಎಳೆಯದು. 2004ರಲ್ಲಿ ಮುಂಬಯಿಯಲ್ಲಿ ಮ್ಯಾರಥಾನ್ ಮೊದಲಾದ ಮೇಲೆ ದೆಹಲಿ, ಬೆಂಗಳೂರು, ಕೋಲ್ಕತ ಮೊದಲಾದ ನಗರಗಳಲ್ಲಿ ದೊಡ್ಡ ಓಟಗಳು ಬೇರೂರಿವೆ. ಇಲ್ಲಿಯೂ ಶುಲ್ಕ ಏರುವ ದಾರಿಯಲ್ಲಿಯೇ ಇದೆ. ದಿನಗೂಲಿಯವನಿಗೆ ಅದು ಈಗಾಗಲೇ ಹಲವು ದಿನಗಳ ಸಂಪಾದನೆ. ಆದರೆ ನಮ್ಮಲ್ಲಿ ಓಟದ ಮುಂಚೂಣಿಯಲ್ಲಿ ಕಾಣುವ ಮುಖಗಳು ಯಾರವು? ಸೈನ್ಯ, ರೈಲ್ವೆ, ಪೋಲೀಸುಗಳಲ್ಲಿ ಕೆಲಸ ಹಿಡಿದ ಹಳ್ಳಿಯ ಮಕ್ಕಳವು. ಶಾಲೆಗೆ ನಡೆದು, ಓಡಿ ಗಟ್ಟಿಯಾದ ಕಾಲುಗಳವರವು. ಅವರ ಹಿಂದೆ ಇನ್ನೆಷ್ಟು ಮಂದಿ ಹೆಸರು ಬರೆಸಲಾಗದೆ ಉಳಿದಿರುವರೆಂಬುದನ್ನು ಯಾವ ಯಂತ್ರವೂ ಗುರುತಿಸುವುದಿಲ್ಲ. ಅಮೆರಿಕದ ನಗರಗಳು ಐವತ್ತು ವರ್ಷಗಳಲ್ಲಿ ನಡೆದು ಸೇರಿದ ಸ್ಥಳವನ್ನು ನಾವು ಇಪ್ಪತ್ತು ವರ್ಷಗಳಲ್ಲಿ ಸೇರುವ ಅವಸರ ಮಾಡಬೇಕಾಗಿಲ್ಲ. ಪೌರಸಭೆಗಳು ಓಟಕ್ಕೆ ರಸ್ತೆಯನ್ನು ಬಿಟ್ಟುಕೊಡುವ ಪತ್ರಕ್ಕೆ ಸಹಿ ಹಾಕುವಾಗಲೇ, ಆ ಊರಿನ ಸರ್ಕಾರಿ ಶಾಲೆಯ ಹುಡುಗಿಗೂ ಕಟ್ಟಡದ ಕೆಲಸದ ಹುಡುಗನಿಗೂ ಎಷ್ಟು ಸ್ಥಾನಗಳೆಂಬುದನ್ನು ಅದರಲ್ಲಿ ಬರೆಸಿಕೊಳ್ಳಲಿ.

ಮರೂಸಿಯ ನೀರಿನವನು ಗೆದ್ದ ಓಟದ ಹೆಸರನ್ನೇ ಈ ಓಟಗಳೆಲ್ಲ ಇಟ್ಟುಕೊಂಡಿವೆ. ಅವನಂಥವನು ಇಂದು ನ್ಯೂಯಾರ್ಕಿನಲ್ಲಿಯೊ ಲಂಡನ್ನಿನಲ್ಲಿಯೊ ಮುಂಬಯಿಯಲ್ಲಿಯೊ ಹೆಸರು ಬರೆಸಲು ಬಂದರೆ ಮೇಜಿನ ಹಿಂದೆ ಕುಳಿತವರು ಮೊದಲು ಅವನ ಕಾಲುಗಳನ್ನು ನೋಡುವರೊ, ಕೈಯನ್ನು ನೋಡುವರೊ? ನಗರದ ಮ್ಯಾರಥಾನ್ ಎಂಬ ಮಾತಿನಲ್ಲಿ ನಗರಕ್ಕೆ ಉಳಿದಿರುವ ಅರ್ಥವೆಷ್ಟು ಎಂಬುದನ್ನು ಆ ಒಂದು ನೋಟದಿಂದಲೇ ತಿಳಿಯಬಹುದು.